ಐದು ಪಿನ್ನು

ನಾನೇ ಕಿತ್ತದ್ದು. ಬೇರೆ ಯಾರೂ ಅಲ್ಲ.
ಜನವರಿ, ರಾತ್ರಿ ಪಾಳಿ, ಎರಡೂಕಾಲು ಗಂಟೆ.
ವುಜ್ ಅಂದರೆ ನಮ್ಮ ಪೋಲಿಷ್‌ನಲ್ಲಿ ದೋಣಿ;
ದೋಣಿ ಇಳಿಸಲು ಒಂದು ಹೊಳೆಯೂ ಕಾಣದ ಊರು.
ಗಿರಣಿಗಳ ಕಾಲಕ್ಕೇ ಎಲ್ಲವನ್ನೂ ಕೊಳವೆಗೆ ತುಂಬಿ
ಬೀದಿಯಡಿ ಹೂತರು.
ನಮ್ಮ ಬಣ್ಣದ ಕಾರ್ಖಾನೆಯ ಕೆಳಗೂ ಒಂದು ಹರಿಯುತ್ತದಂತೆ,
ನೋಡಿದವರಿಲ್ಲ.

ಮೂಲೆಯಲ್ಲಿ, ಸುಣ್ಣ ಉದುರುವ ಗೋಡೆಗೆ ಒರಗಿ
ಆ ಹಳೆಯ ಕಂಪ್ಯೂಟರು. ಹನ್ನೊಂದು ವರ್ಷದಿಂದ ಆರಿಸಿಲ್ಲ.
ಯಾವ ಹಂಡೆಗೆ ಎಷ್ಟು ಕೆಂಪು, ಎಷ್ಟು ಉಪ್ಪು,
ಎಷ್ಟು ಹೊತ್ತಿಗೆ ಎಷ್ಟು ಬಿಸಿ,
ಎಲ್ಲ ಅದಕ್ಕೇ ಬಾಯಿಪಾಠ.

ಏಳರ ಕೀಲಿ ಅಂಟುತ್ತಿತ್ತು, ನೂಲಿನ ಧೂಳು.
ಒಮ್ಮೆ ಒತ್ತಿದರೆ ಏಳು ಏಳು ಏಳು
ಅಂತ ನಿದ್ದೆಗಣ್ಣಿನ ಮಗುವಿನ ಮಗ್ಗಿ.
ಕೊಡವಿದರೆ ಆಯಿತು ಎಂದು
ಹಿಂದೆ ಕೈ ಹಾಕಿ ಬಾಲ ಹಿಡಿದು ಎಳೆದೆ.
ಉದುರಿದ್ದು: ರೊಟ್ಟಿಯ ಚೂರು, ಕ್ರಿಸ್‌ಮಸ್ ಕೇಕಿನ ಗಸಗಸೆ,
ಒಂದು ಉದ್ದನೆಯ ನರೆಗೂದಲು.
ನನಗಿಂತ ಮುಂಚೆ ಈ ಕುರ್ಚಿಯಲ್ಲಿದ್ದ
ಯೊವಾಂತಾ ಅವರದೇ ಇರಬೇಕು.

ಮರಳಿ ಸಿಕ್ಕಿಸಿದೆ,
ಕತ್ತಲಲ್ಲಿ ತಡಕಾಡಿ, ಕೊಂಚ ಓರೆಯಾಗಿ.

ಕಿಡಿಯಿಲ್ಲ. ಹೊಗೆಯಿಲ್ಲ. ಚಿಟ್ ಎನ್ನುವ ಸದ್ದೂ ಇಲ್ಲ.
ಕೀಲಿಮಣೆಯ ಮೂರು ಹಸಿರು ದೀಪ ಮಾತ್ರ
ಹತ್ತಲಿಲ್ಲ.

ತೆರೆಯ ಮೇಲೆ ಅಂಕಿ ಏರುತ್ತಲೇ ಇತ್ತು.
ಅರವತ್ತೊಂದು. ಅರವತ್ತೆರಡು.
ನಿಲ್ಲು ಎಂದು ಒತ್ತಿದೆ. ಗುದ್ದಿದೆ. ಬೈದೆ.
ಕಣ್ಣಿತ್ತು, ಬಾಯಿತ್ತು, ಕಿವಿ ಹೋಗಿತ್ತು;
ಕೊನೆಗೆ ಕೇಳಿದ ಮಾತನ್ನೇ ಹಿಡಿದುಕೊಂಡು
ಕೆಂಪಿನ ಮೇಲೆ ಕೆಂಪು ಸುರಿಯುತ್ತ ಕೂತಿತ್ತು,
ನಾನು ಓಡಿ ಕೈಯಾರೆ ಕವಾಟ ತಿರುಗಿಸುವ ತನಕ.

ಬೆಳಿಗ್ಗೆ ಮೊದಲ ಟ್ರಾಮಿಗೆ ಪಾನಿ ಬೊಗುಮಿವಾ ಬಂದರು,
ಕೋಟಿನ ಮೇಲೊಂದು ಕೋಟು, ಕಂಕುಳಲ್ಲಿ ಫ್ಲಾಸ್ಕು.
ಮೇಸ್ತ್ರಿ ಝೆನೊನ್ ನನ್ನತ್ತ ಬೆರಳು ತೋರಿದ.
ಆಕೆ ನನ್ನನ್ನು ನೋಡಲಿಲ್ಲ, ಪ್ಲಗ್ಗನ್ನು ನೋಡಿದರು.

"ಐದು ಪಿನ್ನು. ಒಂದರಲ್ಲಿ ವಿದ್ಯುತ್ತು, ಒಂದು ನೆಲ,
ಒಂದು ತಾಳ, ಒಂದು ಮಾತು.
ಐದನೆಯದಕ್ಕೆ ಕೆಲಸವಿಲ್ಲ, ಸುಮ್ಮನೆ ಜೊತೆಗಿರುತ್ತದೆ.
ಈಗಿನ ಪ್ಲಗ್ಗುಗಳಿಗೆ ರೀತಿನೀತಿ ಕಲಿಸಿದ್ದಾರೆ:
ವಿದ್ಯುತ್ತು, ನೆಲ ಮೊದಲು ತಾಗಬೇಕು, ಮಾತು ಆಮೇಲೆ.
ಇದಕ್ಕೆ ಯಾರು ಕಲಿಸಿದರು?
ನೂರು ಸಲ ಕಿತ್ತರೂ ಏನೂ ಆಗದೆ ಇರಬಹುದು.
ಅದೇ ತೊಂದರೆ. ನೂರು ಸಲ ಆಗದೇ ಹೋದರೆ
ಮನುಷ್ಯ ಅದನ್ನು ಜ್ಞಾನ ಅಂದುಕೊಳ್ಳುತ್ತಾನೆ."

ಫ್ಯೂಸು ಎಳ್ಳಿಗಿಂತ ದೊಡ್ಡದಿಲ್ಲ. ಬದಲಿಸುವುದು ಹತ್ತು ನಿಮಿಷ.
ಆದರೆ ಆರಿಸಬೇಕು.
ಹನ್ನೊಂದು ವರ್ಷ ತಿರುಗಿದ ಡಿಸ್ಕು
ಒಮ್ಮೆ ನಿಂತರೆ ಮತ್ತೆ ತಿರುಗುತ್ತದೋ ಇಲ್ಲವೋ
ಆಕೆಗೂ ಗೊತ್ತಿಲ್ಲ.
ಝೆನೊನ್ ಎದೆಯ ಮೇಲೆ ಶಿಲುಬೆ ಗೀಚಿಕೊಂಡ.
ಗುಂಡಿ ಒತ್ತಿದವಳು ಆಕೆ.

ಫ್ಯಾನು ಇಳಿಯಿತು, ಇಳಿಯಿತು, ನಿಂತಿತು.

ಆಗ ಕೇಳಿಸಿತು.
ಸಿಮೆಂಟಿನಡಿ, ನಮ್ಮ ಬೂಟುಗಳಡಿ,
ನೀರು.
ಯಾರೂ ಮಾತಾಡಲಿಲ್ಲ. ಝೆನೊನ್ ಟೋಪಿ ತೆಗೆದ.
ಬೆಸುಗೆಯ ಕಡ್ಡಿ ಹಿಡಿದ ಕೈ
ಒಂದು ಕ್ಷಣ ಗಾಳಿಯಲ್ಲೇ ನಿಂತಿತ್ತು.

ಡಿಸ್ಕು ಮೊದಲ ಸಲ ಏಳಲಿಲ್ಲ.
ಎರಡನೆಯ ಸಲ ಆಕೆ ಬೆರಳ ಗೆಣ್ಣಿನಿಂದ
ಬಾಗಿಲು ತಟ್ಟುವ ಹಾಗೆ ತಟ್ಟಿದರು.
ಗೊರಗೊರ, ಆಮೇಲೆ ಅದೇ ಹಳೆಯ ಸಿಳ್ಳು,
ಮೂರು ಹಸಿರು ದೀಪ.
ಹೊಳೆ ಮತ್ತೆ ಇಲ್ಲವಾಯಿತು.

ನನ್ನ ಸಂಬಳದಲ್ಲಿ ನಲವತ್ತು ಮೀಟರ್ ಬಟ್ಟೆ ಹಿಡಿದರು.
ಕೆಂಪೂ ಅಲ್ಲದ, ಕಪ್ಪೂ ಅಲ್ಲದ ಬಣ್ಣ.
ಏಳರ ಕೀಲಿ ಈಗಲೂ ಅಂಟುತ್ತದೆ.